ಹರಿಯಲಾಗದ ಎರಡು ಹಾಳೆಗಳು

ಮಳೆಗಾಲದ ಬಣಕಲ್‌ನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಇದ್ದರೆ ಸುದ್ದಿ. ಚಾರ್ಮಾಡಿಯ ಕಡೆಯಿಂದ ಮೋಡ ಮೇಲೇರಿ ಕೊಟ್ಟಿಗೆಹಾರವನ್ನು ಮುಚ್ಚಿ, ಮೂಡಿಗೆರೆ ರಸ್ತೆಯ ಮರಗಳನ್ನು ಅಲುಗಾಡಿಸುತ್ತಾ ಬಂತೆಂದರೆ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಪ್ರೋಗ್ರಾಂ ಬರೆಯುತ್ತಿದ್ದ ಹುಡುಗನ ಎದುರಿನ ಪರದೆ ಕಪ್ಪಾಗುತ್ತದೆ. ಅವನು ಬೈದುಕೊಳ್ಳುತ್ತಾನೆ. ಆದರೆ ಅದೇ ಕ್ಷಣದಲ್ಲಿ ಕರೆಂಟು ಅವನಿಗೆ ಒಂದು ಉಪಕಾರವನ್ನೂ ಮಾಡಿ ಹೋಗಿರುತ್ತದೆ. ಗೊತ್ತಾಗದಂತೆ ಮಾಡಿದ ಉಪಕಾರವಾದ್ದರಿಂದ ಅದು ಮುಂದೆ ಅಪಕಾರವಾಗುವ ಸಂಭವವೇ ಹೆಚ್ಚು.

ಕಂಪ್ಯೂಟರಿನಲ್ಲಿ ಎರಡು ಬಗೆಯ ನೆನಪು ಇರುವುದು ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಡಿಸ್ಕಿನಲ್ಲಿ ಬರೆದಿಟ್ಟದ್ದು ಕರೆಂಟು ಹೋದರೂ ಉಳಿಯುತ್ತದೆ. ಕೆಲಸ ನಡೆಯುತ್ತಿರುವಾಗ ಬಳಸುವ ಮೆಮೊರಿ ಹಾಗಲ್ಲ. ವಿದ್ಯುತ್ ನಿಂತ ಕೂಡಲೇ ಅದು ಒರೆಸಿದ ಸ್ಲೇಟಿನಂತೆ ಖಾಲಿ. ಈಗ ಆ ಹುಡುಗನ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತಪ್ಪು ಇದೆಯೆನ್ನಿ. ಕೆಲಸಕ್ಕೆಂದು ಒಂದಿಷ್ಟು ಮೆಮೊರಿಯನ್ನು ತೆಗೆದುಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸುವುದಿಲ್ಲ. ಬಣಕಲ್‌ನಲ್ಲಿ ದಿನಕ್ಕೆ ಎರಡು ಬಾರಿ ಸ್ಲೇಟು ತಾನಾಗಿಯೇ ಒರೆಸಿಹೋಗುವುದರಿಂದ ಈ ತಪ್ಪು ಕಾಣುವುದೇ ಇಲ್ಲ. ಅವನು ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಅವನು ಬರೆದ ಪ್ರೋಗ್ರಾಂ ಹಗಲೂ ರಾತ್ರಿ ಆರಿಸದ ಯಂತ್ರವೊಂದರಲ್ಲಿ ವಾರಗಟ್ಟಲೆ ಓಡಬೇಕು. ಮೊದಲ ದಿನ ಚೆನ್ನಾಗಿರುತ್ತದೆ, ಹತ್ತನೆಯ ದಿನ ಸ್ವಲ್ಪ ನಿಧಾನವಾಗುತ್ತದೆ, ಇಪ್ಪತ್ತನೆಯ ದಿನ ನಡುರಾತ್ರಿ ನಿಂತುಬಿಡುತ್ತದೆ. ನಿಂತ ಸಾಲಿನಲ್ಲಿ ತಪ್ಪು ಹುಡುಕಿದರೆ ಸಿಕ್ಕದು. ತಪ್ಪು ನಡೆದದ್ದು ಇಪ್ಪತ್ತು ದಿನಗಳ ಹಿಂದಿನಿಂದ, ಚೂರುಚೂರಾಗಿ.

ಇದೇನು ಅಂಥ ದೊಡ್ಡ ವಿಷಯ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರಾಯಿತಲ್ಲ ಎಂದು ಕೇಳುವ ತಂದೆತಾಯಂದಿರಿಗೆ ಲಂಡನ್ನಿನ ಒಂದು ಪ್ರಸಂಗವನ್ನು ಹೇಳಬೇಕು. ಚಾರ್ಮಾಡಿ ಘಾಟಿಯಲ್ಲಿ ಅಪಘಾತವಾದರೆ ನಾವು 108ಕ್ಕೆ ಕರೆ ಮಾಡುವಂತೆ ಅಲ್ಲಿಯವರು ತಮ್ಮ ನಗರದ ಆಂಬುಲೆನ್ಸ್ ಸೇವೆಗೆ ಕರೆ ಮಾಡುತ್ತಾರೆ. 1992ರ ಅಕ್ಟೋಬರ್ 26ರಂದು ಆ ಸೇವೆ, ಯಾವ ಗಾಡಿ ಎಲ್ಲಿಗೆ ಹೋಗಬೇಕೆಂಬುದನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಪ್ಪಿಸಿತು. ಅದು ಮೊದಲಿನಿಂದಲೇ ಹಲವು ತೊಂದರೆಗಳಿಗೆ ಸಿಲುಕಿತ್ತು, ಆ ಕಥೆ ಬೇರೆ. ನವೆಂಬರ್ 4ರ ಬೆಳಗಿನ ಜಾವ ಅದು ಸಂಪೂರ್ಣ ನಿಂತುಹೋಗಿ, ಸಿಬ್ಬಂದಿ ಮತ್ತೆ ಕಾಗದ ಪೆನ್ಸಿಲ್ ಹಿಡಿಯಬೇಕಾಯಿತು. ತನಿಖೆಯಲ್ಲಿ ತಿಳಿದದ್ದು ಇಷ್ಟು: ಸುಮಾರು ಮೂರು ವಾರಗಳ ಹಿಂದೆ ಪ್ರೋಗ್ರಾಮಿನಲ್ಲಿ ಉಳಿದುಹೋಗಿದ್ದ ಒಂದು ತುಣುಕು, ಗಾಡಿಯೊಂದನ್ನು ಕಳುಹಿಸಿದಾಗಲೆಲ್ಲ ಸರ್ವರಿನ ಮೆಮೊರಿಯಲ್ಲಿ ಸ್ವಲ್ಪವನ್ನು ಹಿಡಿದಿಟ್ಟುಕೊಂಡು ಬಿಡದೇ ಹೋಗುತ್ತಿತ್ತು. ಒಂದು ದಿನ ಬಿಡಲು ಏನೂ ಉಳಿದಿರಲಿಲ್ಲ.

ಈ ಕಾಯಿಲೆಗೆ ಪ್ರೋಗ್ರಾಂ ಬರೆಯುವವರು ‘ಸೋರಿಕೆ’ ಎನ್ನುತ್ತಾರೆ. ಹೆಸರು ಅಷ್ಟು ಸರಿಯಲ್ಲ. ಸೋರಿದ ನೀರು ಹೊರಗಾದರೂ ಹೋಗುತ್ತದೆ, ಇಲ್ಲಿ ಮೆಮೊರಿ ಒಳಗೇ ಕುಳಿತು ಯಾರ ಕೈಗೂ ಸಿಗದಂತಾಗುತ್ತದೆ. ಇದರ ಕಾರಣಗಳು ಹಲವು. ಬಹುಪಾಲು ಮರೆವು. ಆದರೆ ಒಂದು ಕಾರಣ ಮಾತ್ರ ಮರೆವಿನದಲ್ಲ. ಪ್ರತಿಯೊಂದು ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿದವನಿಗೂ ಅದು ಬಂದೀತು. ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡಾಗ ಆಗುವ ಸುತ್ತುಕೊಂಡಿ ಅದು.

ರೈಟರ ರಿಜಿಸ್ಟರು

ಕಾಫಿ ಸೀಮೆಯವರಿಗೆ ತೋಟದ ರೈಟರನ್ನು ಪರಿಚಯಿಸಬೇಕಿಲ್ಲ. ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟಾದ ಒಬ್ಬ ರೈಟರನ್ನು ಊಹಿಸಿಕೊಳ್ಳಿ. ಅವರ ಬಳಿ ಒಂದು ದಪ್ಪ ರಿಜಿಸ್ಟರು. ತೋಟದ ಪ್ರತಿಯೊಂದು ಸಿಲ್ವರ್ ಓಕ್ ಮರಕ್ಕೆ ಒಂದು ಹಾಳೆ, ಪ್ರತಿಯೊಂದು ಮೆಣಸಿನ ಬಳ್ಳಿಗೆ ಒಂದು ಹಾಳೆ. ರಿಜಿಸ್ಟರಿನ ಮೊದಲಲ್ಲಿ ಒಂದು ಪರಿವಿಡಿ. ಮರದ ಹಾಳೆಯಲ್ಲಿ ‘ಇದರ ಮೇಲಿರುವ ಬಳ್ಳಿಗಾಗಿ 58ನೇ ಹಾಳೆ ನೋಡಿ’ ಎಂದಿದೆ; ಮೆಣಸು ಕೊಯ್ಯುವ ಕಾಲಕ್ಕೆ ಏಣಿ ಎಲ್ಲಿಡಬೇಕೆಂದು ತಿಳಿಯಬೇಕಲ್ಲ. ಬಳ್ಳಿಯ ಹಾಳೆಯಲ್ಲಿ ‘ಇದು ಹಬ್ಬಿರುವ ಮರಕ್ಕಾಗಿ 57ನೇ ಹಾಳೆ ನೋಡಿ’ ಎಂದಿದೆ. ಎರಡೂ ಉಪಯುಕ್ತ ಮಾಹಿತಿ, ಎರಡರಲ್ಲೂ ತಪ್ಪಿಲ್ಲ.

ರಿಜಿಸ್ಟರಿನಲ್ಲಿ ಹಾಳೆಗಳು ಮಿತವಾಗಿವೆ. ಆದ್ದರಿಂದ ಬೇಡವಾದ ಹಾಳೆಯನ್ನು ಹರಿದು ಆ ಜಾಗಕ್ಕೆ ಹೊಸ ಹಾಳೆ ಸೇರಿಸಬೇಕು. ಯಾವುದು ಬೇಡವಾದ ಹಾಳೆ? ರೈಟರು ಒಂದು ಜಾಣ ಉಪಾಯ ಮಾಡಿಕೊಂಡಿದ್ದಾರೆ. ಪ್ರತಿ ಹಾಳೆಯ ಮೂಲೆಯಲ್ಲಿ, ಆ ಹಾಳೆಯನ್ನು ಎಷ್ಟು ಕಡೆಗಳಿಂದ ‘ನೋಡಿ’ ಎಂದು ಸೂಚಿಸಲಾಗಿದೆಯೋ ಆ ಸಂಖ್ಯೆಯನ್ನು ಬರೆಯುತ್ತಾರೆ. ಹೊಸದಾಗಿ ಒಬ್ಬರು ಸೂಚಿಸಿದರೆ ಒಂದು ಕೂಡುವುದು, ಒಂದು ಸೂಚನೆ ಅಳಿದರೆ ಒಂದು ಕಳೆಯುವುದು. ಸೊನ್ನೆಗೆ ಬಂದ ಹಾಳೆಯನ್ನು ಹರಿಯಬಹುದು. ಇದರಲ್ಲಿ ಕಷ್ಟವೇನೂ ಇಲ್ಲ, ಇಡೀ ರಿಜಿಸ್ಟರನ್ನು ತಿರುವಿಹಾಕುವ ಗೋಜೂ ಇಲ್ಲ.

ನಮ್ಮ ಮರದ ಹಾಳೆಯನ್ನು ಪರಿವಿಡಿ ಸೂಚಿಸುತ್ತದೆ, ಬಳ್ಳಿಯ ಹಾಳೆಯೂ ಸೂಚಿಸುತ್ತದೆ. ಮೂಲೆಯ ಸಂಖ್ಯೆ 2. ಬಳ್ಳಿಯ ಹಾಳೆಯನ್ನು ಮರದ ಹಾಳೆ ಮಾತ್ರ ಸೂಚಿಸುತ್ತದೆ. ಸಂಖ್ಯೆ 1. ಒಂದು ದಿನ ಧಣಿಗಳು ಆ ಭಾಗದ ತೋಟವನ್ನು ಮಾರಿದರು. ರೈಟರು ಪರಿವಿಡಿಯಲ್ಲಿ ಆ ಮರದ ಹೆಸರನ್ನು ಹೊಡೆದುಹಾಕಿದರು. ಮರದ ಸಂಖ್ಯೆ ಎರಡರಿಂದ ಒಂದಾಯಿತು. ಸೊನ್ನೆಯಾಗಲಿಲ್ಲ! ಬಳ್ಳಿ ಇನ್ನೂ ಸೂಚಿಸುತ್ತಿದೆ, ಹರಿಯುವಂತಿಲ್ಲ. ಹೋಗಲಿ, ಬಳ್ಳಿಯ ಹಾಳೆಯನ್ನಾದರೂ ಹರಿಯೋಣವೆಂದರೆ ಅದರ ಸಂಖ್ಯೆಯೂ 1, ಮರ ಸೂಚಿಸುತ್ತಿದೆ. ಮರ ಇರುವುದರಿಂದ ಬಳ್ಳಿ, ಬಳ್ಳಿ ಇರುವುದರಿಂದ ಮರ. ತೋಟದಲ್ಲಿ ಇಲ್ಲದ ಮರ ಮತ್ತು ಬಳ್ಳಿಗಳು ರಿಜಿಸ್ಟರಿನಲ್ಲಿ ಶಾಶ್ವತವಾಗಿ ಉಳಿದವು. ಪರಿವಿಡಿಯಲ್ಲಿ ಹೆಸರಿಲ್ಲವಾದ್ದರಿಂದ ಅವು ಇವೆಯೆಂದು ಯಾರಿಗೂ ತಿಳಿಯದು. ರೈಟರು ಮಾತ್ರ ನಿಯಮ ಮೀರಲಿಲ್ಲ.

ರಿಜಿಸ್ಟರನ್ನು ಕಂಪ್ಯೂಟರಿನ ಮೆಮೊರಿಯೆಂದೂ, ಹಾಳೆಯನ್ನು ಅದರೊಳಗಿನ ವಸ್ತುವೆಂದೂ, ‘ನೋಡಿ’ ಎಂಬ ಸೂಚನೆಯನ್ನು ರೆಫರೆನ್ಸ್ ಎಂದೂ ತಿಳಿದರೆ ಮುಗಿಯಿತು, ನೀವು ವಿಷಯದ ತಿರುಳನ್ನು ಮುಟ್ಟಿದಂತೆ. ಮೂಲೆಯಲ್ಲಿ ಸಂಖ್ಯೆ ಬರೆಯುವ ಈ ಎಣಿಕೆಯ ಉಪಾಯವನ್ನು 1960ರಲ್ಲಿ ಪ್ರಕಟಿಸಿದವರು ಜಾರ್ಜ್ ಕಾಲಿನ್ಸ್. ಮೂರೇ ವರ್ಷಗಳಲ್ಲಿ, 1963ರಲ್ಲಿ, ಹೆರಾಲ್ಡ್ ಮೆಕ್‌ಬೆತ್ ಎಂಬವರು ಸುತ್ತಿಕೊಂಡ ಪಟ್ಟಿಗಳ ಮುಂದೆ ಈ ಉಪಾಯ ಸೋಲುತ್ತದೆಂದು ತೋರಿಸಿಕೊಟ್ಟರು. ಅಂದರೆ ಈ ರೋಗ ಅರವತ್ತು ವರ್ಷಕ್ಕೂ ಹಳೆಯದು. ಆದರೂ ಹೊಸ ಪೀಳಿಗೆಯ ಪ್ರತಿಯೊಬ್ಬನೂ ಅದನ್ನು ತನ್ನ ಸ್ವಂತ ಶೋಧವೆಂಬಂತೆ ಒಮ್ಮೆ ಅನುಭವಿಸಿಯೇ ತೀರುತ್ತಾನೆ.

ಲೆಕ್ಕ ಹಾಕಿ ನೋಡಿದರೆ ನಷ್ಟದ ಗಾತ್ರ ತಿಳಿಯುತ್ತದೆ. ವಿದ್ಯಾರ್ಥಿಯೊಬ್ಬ ತೋಟದ ಜಮಾಖರ್ಚಿಗೆ ಒಂದು ಪ್ರೋಗ್ರಾಂ ಬರೆದನೆನ್ನೋಣ. ‘ತೋಟ’ ಎಂಬುದೊಂದು ವಸ್ತು, ಅದರಡಿ 20 ‘ಪಟ್ಟೆ’ಗಳು. ತೋಟ ತನ್ನ ಪಟ್ಟೆಗಳನ್ನು ಹಿಡಿದಿದೆ. ಪ್ರತಿಯೊಂದು ಪಟ್ಟೆಯೂ ತಾನು ಯಾವ ತೋಟದ್ದೆಂದು ತಿಳಿಯಲು ತೋಟವನ್ನು ಹಿಡಿದಿದೆ. ಮುಖ್ಯ ಪ್ರೋಗ್ರಾಮಿನದೊಂದು ಸೇರಿ ತೋಟದ ಎಣಿಕೆ 21. ಕೆಲಸ ಮುಗಿದು ಮುಖ್ಯ ಪ್ರೋಗ್ರಾಂ ಕೈಬಿಟ್ಟಾಗ 20. ಸೊನ್ನೆಗೆ ಇನ್ನೂ ಇಪ್ಪತ್ತು ಮೆಟ್ಟಿಲು, ಇಳಿಸುವವರು ಯಾರೂ ಇಲ್ಲ. ಒಂದು ತೋಟದ ಲೆಕ್ಕ 2 ಮೆಗಾಬೈಟ್ ಜಾಗ ಹಿಡಿದರೆ, ದಿನಕ್ಕೆ 50 ಸಲ ತೆರೆದು ಮುಚ್ಚಿದಾಗ 100 ಮೆಗಾಬೈಟ್ ಹೋಯಿತು. ಹತ್ತು ದಿನಕ್ಕೆ 1000 ಮೆಗಾಬೈಟ್. ಆದರೆ ಬಣಕಲ್‌ನ ಮನೆಯಲ್ಲಿ ಹತ್ತು ದಿನ ಎಡೆಬಿಡದೆ ಓಡಿಸಿ ನೋಡಿದವರು ಯಾರು?

ಶಾಯಿ ಮತ್ತು ಪೆನ್ಸಿಲ್ಲು

ಪರಿಹಾರವೂ ರಿಜಿಸ್ಟರಿನಲ್ಲೇ ಇದೆ. ರೈಟರು ಎರಡು ಬಗೆಯ ಬರವಣಿಗೆ ಇಟ್ಟುಕೊಳ್ಳಬೇಕು. ಶಾಯಿಯಲ್ಲಿ ಬರೆದ ಸೂಚನೆಯನ್ನು ಎಣಿಸಬೇಕು, ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಎಣಿಸಬಾರದು. ಮರದಿಂದ ಬಳ್ಳಿಗೆ ಶಾಯಿ, ಬಳ್ಳಿಯಿಂದ ಮರಕ್ಕೆ ಪೆನ್ಸಿಲ್ಲು. ಆಗ ಪರಿವಿಡಿಯಿಂದ ಮರವನ್ನು ಹೊಡೆದ ಕೂಡಲೇ ಮರದ ಎಣಿಕೆ ಸೊನ್ನೆ. ಆ ಹಾಳೆ ಹೋಗುತ್ತದೆ. ಅದರೊಂದಿಗೆ ಬಳ್ಳಿಯತ್ತ ಬರೆದಿದ್ದ ಶಾಯಿಯ ಸೂಚನೆಯೂ ಹೋಗಿ ಬಳ್ಳಿಯ ಎಣಿಕೆಯೂ ಸೊನ್ನೆಯಾಗುತ್ತದೆ. ಒಂದರ ಹಿಂದೊಂದು ಹೋಗಿ ಜಾಗ ಖಾಲಿ. ಪ್ರೋಗ್ರಾಂ ಬರೆಯುವವರ ಭಾಷೆಯಲ್ಲಿ ಶಾಯಿಯದು ‘ಸ್ಟ್ರಾಂಗ್’, ಪೆನ್ಸಿಲ್ಲಿನದು ‘ವೀಕ್’ ರೆಫರೆನ್ಸ್.

ಇಲ್ಲಿ ಯಂತ್ರಕ್ಕೆ ಬಿಡಲಾಗದ ಒಂದು ತೀರ್ಮಾನವಿದೆ. ಯಾವುದು ಶಾಯಿ, ಯಾವುದು ಪೆನ್ಸಿಲ್ಲು? ಕಂಪ್ಯೂಟರಿಗೆ ಎರಡೂ ಬಾಣಗಳು ಒಂದೇ. ಮರವಿಲ್ಲದೆ ಬಳ್ಳಿಗೆ ಅರ್ಥವಿಲ್ಲ, ಬಳ್ಳಿಯಿಲ್ಲದೆಯೂ ಮರ ನೆರಳು ಕೊಡುತ್ತದೆ ಎಂಬುದು ತೋಟದವನಿಗೆ ಗೊತ್ತು. ಆದ್ದರಿಂದ ಪ್ರೋಗ್ರಾಂ ಬರೆಯಲು ಕೂರುವ ಮೊದಲೇ ಕಾಗದದ ಮೇಲೆ ವಸ್ತುಗಳನ್ನು ಬರೆದು, ಯಾರು ಯಾರ ಒಡೆಯರು, ಯಾರು ಬರೀ ಪರಿಚಯದವರು ಎಂದು ಗೆರೆ ಎಳೆಯಬೇಕು. ಒಡೆತನದ ಗೆರೆಗಳು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಬೇಕು, ಹೇಮಾವತಿ ಜಾವಳಿಯಿಂದ ಕೆಳಗಿಳಿಯುವಂತೆ. ಎಲ್ಲೂ ತಿರುಗಿ ಮೇಲಕ್ಕೆ ಬಂದು ಸೇರಬಾರದು. ಸೇರಿದಲ್ಲಿ ಪೆನ್ಸಿಲ್ಲು ಬೇಕು. ಎರಡೂ ಒಡೆಯರೇ ಎನ್ನಿಸುವಂಥ ಸಂದರ್ಭ ಬಂದರೆ, ಹೆಚ್ಚಿನ ಸಲ ಅದು ಯೋಚನೆ ಪೂರ್ತಿಯಾಗಿಲ್ಲವೆಂಬುದರ ಲಕ್ಷಣ. ಆಗ ಇಬ್ಬರನ್ನೂ ಹಿಡಿದುಕೊಳ್ಳುವ ಮೂರನೆಯ ಒಡೆಯನೊಬ್ಬನನ್ನು ಮೇಲೆ ಕೂರಿಸಿ, ಅವರಿಬ್ಬರ ನಡುವೆ ಪರಿಚಯವನ್ನಷ್ಟೇ ಉಳಿಸುವುದು ವಾಸಿ.

ಪೆನ್ಸಿಲ್ಲಿಗೂ ಅದರದೇ ಅಪಾಯವಿದೆ, ಅನೇಕರು ಎಡವುವುದು ಇಲ್ಲಿಯೇ. ಬಳ್ಳಿಯ ಹಾಳೆಯನ್ನು ಬೇರೆ ಯಾರೋ ಶಾಯಿಯಲ್ಲಿ ಸೂಚಿಸಿದ್ದರೆ ಮರದ ಹಾಳೆ ಹರಿದುಹೋದ ಮೇಲೂ ಬಳ್ಳಿಯದು ಉಳಿಯುತ್ತದೆ. ಅದರಲ್ಲಿ ‘57ನೇ ಹಾಳೆ ನೋಡಿ’ ಎಂಬ ಪೆನ್ಸಿಲ್ ಬರಹವಿದೆ. 57ರಲ್ಲಿ ಈಗ ಕೂಲಿಯಾಳುಗಳ ಸಂಬಳದ ಲೆಕ್ಕವಿರಬಹುದು. ಮರವೆಂದು ತಿಳಿದು ಅಲ್ಲಿ ಏನಾದರೂ ತಿದ್ದಿದರೆ ಯಾರದೋ ಸಂಬಳ ಏರುಪೇರಾಗುತ್ತದೆ! ಸೋರಿಕೆಗಿಂತ ಇದು ಕೆಟ್ಟದ್ದು. ಸೋರಿಕೆ ಪ್ರೋಗ್ರಾಮನ್ನು ನಿಲ್ಲಿಸುತ್ತದೆ, ಇದು ಸುಳ್ಳು ಹೇಳಿಸುತ್ತದೆ. ಐಫೋನಿನ ಪ್ರೋಗ್ರಾಂಗಳನ್ನು ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಬರೆದು ಎಣಿಕೆಯನ್ನೆಲ್ಲ ಕೈಯಿಂದಲೇ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಈ ಎರಡೂ ಬಗೆಯ ಅವಘಡ ಸಾಮಾನ್ಯವಾಗಿತ್ತು. 2011ರಲ್ಲಿ ಕೂಡುವ ಕಳೆಯುವ ಕೆಲಸವನ್ನು ಭಾಷೆಯೇ ವಹಿಸಿಕೊಂಡಿತು. ಹಾಳೆ ಹರಿದೊಡನೆ ಅದನ್ನು ಸೂಚಿಸುವ ಪೆನ್ಸಿಲ್ ಬರಹಗಳನ್ನು ಹುಡುಕಿ ಅಳಿಸುವ ಏರ್ಪಾಡೂ ಆಗ ಬಂತು. ಅದೇ ವರ್ಷದ ಸಿ++ ಭಾಷೆಯ ಹೊಸ ಆವೃತ್ತಿಯಲ್ಲೂ ಇಂಥ ಪೆನ್ಸಿಲ್ಲು ಸೇರಿತು. ಅಲ್ಲಿ ಹಾಳೆ ಇನ್ನೂ ಇದೆಯೇ ಎಂದು ಕೇಳಿಯೇ ಮುಟ್ಟಬೇಕು. ಆದರೆ ಎಣಿಕೆ ತಾನಾಗಿ ನಡೆದರೂ ಸುತ್ತು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. 2014ರಲ್ಲಿ ಬಂದ ಸ್ವಿಫ್ಟ್ ಭಾಷೆಯಲ್ಲೂ ಪೆನ್ಸಿಲ್ಲು ಯಾವುದೆಂದು ಬರೆಯುವವನೇ ಹೇಳಬೇಕು.

ಸಿ ಭಾಷೆಯನ್ನಷ್ಟೇ ಕಲಿತವರಿಗೆ ಎಣಿಕೆಯ ಸೌಕರ್ಯವೂ ಇಲ್ಲ. ಬೇಡುವುದೂ ಕೈಯಿಂದ, ಬಿಡುವುದೂ ಕೈಯಿಂದ. ಡೇಟಾ ಸ್ಟ್ರಕ್ಚರ್ಸ್ ಪಾಠದಲ್ಲಿ ವೃತ್ತಾಕಾರದ ಪಟ್ಟಿ ಬರುತ್ತದಲ್ಲ, ಅದನ್ನು ಕಟ್ಟುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಬಿಚ್ಚುವುದನ್ನು ಮಾಡುವವರು ಕಡಿಮೆ. ಮೂರು ಕೊಂಡಿಗಳಿವೆ: ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು ತೋರಿಸುತ್ತದೆ. ಸಾಮಾನ್ಯ ಪಟ್ಟಿಯನ್ನು ಬಿಡುವಂತೆ ‘ಮುಂದೆ ಏನೂ ಇಲ್ಲದವರೆಗೆ ಬಿಡುತ್ತಾ ಹೋಗು’ ಎಂದು ಬರೆದರೆ ‘ಏನೂ ಇಲ್ಲ’ ಎಂಬುದು ಇಲ್ಲಿ ಬರುವುದೇ ಇಲ್ಲ. ಸುತ್ತಿ ಬಂದು, ಆಗಲೇ ಬಿಟ್ಟ ಮೊದಲ ಕೊಂಡಿಯನ್ನು ಇನ್ನೊಮ್ಮೆ ಬಿಡಲು ಹೋಗಿ ಪ್ರೋಗ್ರಾಂ ಕುಸಿಯುತ್ತದೆ. ಮೊದಲು ಸುತ್ತನ್ನು ಕತ್ತರಿಸಬೇಕು. ಕೊನೆಯ ಕೊಂಡಿಯ ‘ಮುಂದೆ’ ಎಂಬಲ್ಲಿ ಸೊನ್ನೆ ಬರೆದರೆ ವೃತ್ತ ಸರಳರೇಖೆಯಾಯಿತು. ಆಮೇಲೆ ಒಂದೊಂದೇ ಬಿಡಬೇಕು. ಪ್ರತಿಯೊಂದನ್ನೂ ಬಿಡುವ ಮೊದಲು ಅದರ ಮುಂದಿನದರ ವಿಳಾಸವನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು. ಬಿಟ್ಟ ಮೇಲೆ ಅದರೊಳಗೆ ಇಣುಕುವ ಹಕ್ಕು ನಮಗಿಲ್ಲ. ಎಣಿಕೆಯ ಭಾಷೆಗಳಲ್ಲೂ ಪೆನ್ಸಿಲ್ಲು ಒಪ್ಪದ ಕಡೆ ಇದೇ ದಾರಿ: ವಸ್ತುವನ್ನು ಕೈಬಿಡುವ ಮೊದಲು ‘ಮುಚ್ಚು’ ಎಂಬ ಒಂದು ಕ್ರಿಯೆಯನ್ನು ಕರೆದು, ಅದರೊಳಗೆ ಸುತ್ತನ್ನು ತುಂಡರಿಸುವುದು.

ಕೆಂಪು ಪೆನ್ಸಿಲ್ಲಿನ ದಾರಿ

ಇಷ್ಟೆಲ್ಲ ಏಕೆ, ವರ್ಷಕ್ಕೊಮ್ಮೆ ರೈಟರು ಪರಿವಿಡಿಯಿಂದ ಹೊರಟು, ತಲುಪಲು ಸಾಧ್ಯವಾದ ಹಾಳೆಗಳಿಗೆಲ್ಲ ಕೆಂಪು ಪೆನ್ಸಿಲ್ಲಿನ ಗುರುತು ಹಾಕಿ, ಗುರುತಿಲ್ಲದ್ದನ್ನೆಲ್ಲ ಹರಿದರೆ ಆಗದೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಆಗುತ್ತದೆ. ಪರಿವಿಡಿಯಿಂದ ದಾರಿಯಿಲ್ಲದ ಮರ ಬಳ್ಳಿಗಳು ಎಷ್ಟೇ ಬಿಗಿಯಾಗಿ ತಬ್ಬಿಕೊಂಡಿದ್ದರೂ ಅವುಗಳಿಗೆ ಗುರುತು ಬೀಳದು. 1960ರಲ್ಲಿಯೇ ಜಾನ್ ಮೆಕಾರ್ತಿ ಲಿಸ್ಪ್ ಭಾಷೆಗಾಗಿ ಈ ವಿಧಾನವನ್ನು ವಿವರಿಸಿದ್ದರು. ಜಾವಾ ಮುಂತಾದ ಭಾಷೆಗಳು ಇಂಥ ದಾರಿಯಲ್ಲೇ ನಡೆಯುತ್ತವೆ. ಪೈಥಾನ್ ಎರಡನ್ನೂ ಇಟ್ಟುಕೊಂಡಿದೆ. ಮೊದಲಿನಿಂದಲೂ ಎಣಿಕೆ, 2000ದಲ್ಲಿ ಬಂದ 2.0 ಆವೃತ್ತಿಯಿಂದ ಸುತ್ತುಗಳನ್ನು ಹುಡುಕುವ ಗುಡಿಸುವವನೂ ಇದ್ದಾನೆ. ಬೆಲೆಯೇನೆಂದರೆ, ಗುರುತು ಹಾಕುವಾಗ ರೈಟರಿಗೆ ಬೇರೆ ಕೆಲಸಕ್ಕೆ ಬಿಡುವಿಲ್ಲ. ಕ್ಷಣಮಾತ್ರವೂ ತಡೆಯಲಾಗದ ಯಂತ್ರಗಳಲ್ಲಿ ಇದು ಸಲ್ಲದು.

ಎರಡು ಆಡಳಿತಗಳು ಪಕ್ಕಪಕ್ಕದಲ್ಲಿದ್ದಾಗ ಇನ್ನೊಂದು ತಮಾಷೆ ನಡೆಯುತ್ತದೆ. 2001ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ನ್ನು ಸೈಬರ್ ಸೆಂಟರುಗಳಲ್ಲಿ ಬಳಸಿದವರಿಗೆ, ಹೊತ್ತು ಕಳೆದಂತೆ ಕಂಪ್ಯೂಟರ್ ಭಾರವಾಗುತ್ತಿದ್ದುದು ನೆನಪಿರಬಹುದು. ಅದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು: ಅದರಲ್ಲಿ ಪುಟದ ಮೇಲಿನ ಗುಂಡಿ, ಚಿತ್ರಗಳ ಲೆಕ್ಕ ಎಣಿಕೆಯವನ ಕೈಯಲ್ಲಿ, ಅವುಗಳಿಗೆ ಜೀವ ಕೊಡುವ ಸ್ಕ್ರಿಪ್ಟಿನ ಲೆಕ್ಕ ಗುಡಿಸುವವನ ಕೈಯಲ್ಲಿ. ಗುಂಡಿ ಸ್ಕ್ರಿಪ್ಟನ್ನೂ ಸ್ಕ್ರಿಪ್ಟು ಗುಂಡಿಯನ್ನೂ ಹಿಡಿದರೆ, ಸುತ್ತಿನ ಅರ್ಧ ಮಾತ್ರ ಒಬ್ಬೊಬ್ಬನಿಗೆ ಕಾಣುತ್ತಿತ್ತು. ಬೇರೆ ಪುಟಕ್ಕೆ ಹೋದರೂ ಹಳೆಯದು ಬಿಡುತ್ತಿರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಸರಿಪಡಿಸಿದರು.

ಗುಡಿಸುವವನಿದ್ದಾನೆಂದು ಮೈಮರೆತವರ ಕಥೆಯೂ ಒಂದಿದೆ. 2005ರ ಅಕ್ಟೋಬರ್ 8ರಂದು ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ಕಾರುಗಳ ಸ್ಪರ್ಧೆ ನಡೆಯಿತು. ದೂರ ಸುಮಾರು 132 ಮೈಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಕಾರು ಹತ್ತು ಮೈಲಿಯ ಆಸುಪಾಸಿನಲ್ಲೇ ಕೆಟ್ಟು ನಿಂತಿತು. ಅವರ ಪ್ರೋಗ್ರಾಂ ಇದ್ದದ್ದು ಸಿ ಶಾರ್ಪ್ ಭಾಷೆಯಲ್ಲಿ, ಅಂದರೆ ಗುಡಿಸುವವನಿದ್ದ. ದಾರಿಯಲ್ಲಿ ಕಂಡ ಪ್ರತಿಯೊಂದು ಅಡ್ಡಿಯನ್ನೂ ಪಟ್ಟಿಗೆ ಸೇರಿಸಿ, ದಾಟಿದ ಮೇಲೆ ತೆಗೆದುಹಾಕುತ್ತಿದ್ದರು. ಆದರೆ ಆ ಅಡ್ಡಿಗಳು ‘ಕಾರು ಚಲಿಸಿದಾಗ ನನಗೂ ತಿಳಿಸಿ’ ಎಂಬ ಇನ್ನೊಂದು ಪಟ್ಟಿಯಲ್ಲೂ ಹೆಸರು ಬರೆಸಿದ್ದವು. ಅಲ್ಲಿಂದ ಹೊಡೆದುಹಾಕುವುದು ಬಿಟ್ಟುಹೋಗಿತ್ತು. ಪರಿವಿಡಿಯಿಂದ ಒಂದು ದಾರಿ ಉಳಿದೇ ಇದ್ದುದರಿಂದ ಕೆಂಪು ಗುರುತು ಬೀಳುತ್ತಲೇ ಇತ್ತು. ಹಿಂದೆ ಬಿಟ್ಟ ಅಡ್ಡಿಗಳನ್ನೆಲ್ಲ ಕಾರು ಹೊತ್ತುಕೊಂಡೇ ಸಾಗಿತ್ತು. ನಿಜ ಹೇಳಬೇಕೆಂದರೆ ಇದು ಸುತ್ತುಕೊಂಡಿಯಲ್ಲ, ಆದರೆ ಒಂದೇ ವಂಶದ್ದು. ಆ ಎರಡನೆಯ ಪಟ್ಟಿ ಪೆನ್ಸಿಲ್ಲಿನದಾಗಿದ್ದರೆ ಕಾರು ಮುಂದೆ ಹೋಗುತ್ತಿತ್ತೋ ಏನೋ.

ಮೂಡಿಗೆರೆ ಸೀಮೆಗೆ ಕಂಪ್ಯೂಟರ್ ಅಪರಿಚಿತವೇನಲ್ಲ. ಇಲ್ಲಿನ ತೋಟದಲ್ಲಿ ಕುಳಿತೇ ಪೂರ್ಣಚಂದ್ರ ತೇಜಸ್ವಿಯವರು (1938–2007) ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡಿದ್ದರು. ದೊಡ್ಡ ಊರಿನ ಪ್ರಯೋಗಾಲಯ ಇಲ್ಲದಿದ್ದರೂ ಈ ತಪ್ಪನ್ನು ಮನೆಯಲ್ಲೇ ಹಿಡಿಯಬಹುದು. ವಸ್ತು ಹುಟ್ಟುವಲ್ಲಿ ಒಂದು ಕೂಡುವ, ಸಾಯುವಲ್ಲಿ ಒಂದು ಕಳೆಯುವ ಸಾಲನ್ನು ಬರೆದು, ಕೊನೆಯಲ್ಲಿ ಆ ಸಂಖ್ಯೆಯನ್ನು ಪರದೆಯ ಮೇಲೆ ತರಿಸಿದರೆ ಸಾಕು; ಸೊನ್ನೆ ಬರದಿದ್ದರೆ ಯಾರೋ ಯಾರನ್ನೋ ಹಿಡಿದಿದ್ದಾರೆ. ಸಿ ಮತ್ತು ಸಿ++ ಬರೆಯುವವರಿಗೆ ವ್ಯಾಲ್‌ಗ್ರಿಂಡ್ ಎಂಬ ಉಚಿತ ಉಪಕರಣವಿದೆ. ದಾರಿ ತಪ್ಪಿದ ಮೆಮೊರಿ ಯಾವ ಸಾಲಿನಲ್ಲಿ ಹುಟ್ಟಿತೆಂದು ಅದು ಹೇಳುತ್ತದೆ. ಇವೆರಡೂ ಬೇಡವೆನ್ನುವವರು ತೋಟದ ಲೆಕ್ಕವನ್ನು ತೆರೆದು ಮುಚ್ಚುವ ಕೆಲಸವನ್ನೇ ಸಾವಿರ ಸಲ ಮಾಡಿಸುವ ಒಂದು ಲೂಪ್ ಬರೆದು, ಪಕ್ಕದಲ್ಲಿ ಮೆಮೊರಿಯ ಅಂಕಿಯನ್ನು ನೋಡುತ್ತಾ ಕೂರಬಹುದು. ಅಂಕಿ ಒಂದು ಮಟ್ಟಕ್ಕೆ ಏರಿ ನಿಂತರೆ ಸರಿ, ಏರುತ್ತಲೇ ಹೋದರೆ ಕಾಗದ ತೆಗೆದುಕೊಂಡು ಗೆರೆಗಳನ್ನು ಮತ್ತೆ ಎಳೆಯಬೇಕು. ಇಪ್ಪತ್ತು ದಿನ ಕಾಯಬೇಕಾದ ಪರೀಕ್ಷೆ ಹೀಗೆ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಜುಲೈ ತಿಂಗಳಾದರೂ ಪರವಾಗಿಲ್ಲ, ಕರೆಂಟು ಹೋಗುವುದರೊಳಗೆ ಮುಗಿಯುತ್ತದೆ.